ಪಡೆದದ್ದನ್ನು ಮರೆಮಾಚದ ಕವಿ



ನಿಮ್ಮಲ್ಲಿ ಕವಿತೆ ಬರೆಯುವವರು ಕಡಿಮೆಯೇನಿಲ್ಲ. ರಮಝಾನಿನ ಚಂದ್ರ ಕಂಡಾಗ, ಮನೆಯಲ್ಲಿ ಮಗು ಹುಟ್ಟಿದಾಗ, ತಾಯಿ ತೀರಿಕೊಂಡಾಗ ಪೆನ್ನು ಹಿಡಿದು ಕುಳಿತವರು ನಿಮ್ಮ ಪೈಕಿ ಎಷ್ಟೋ ಮಂದಿ ಇದ್ದೀರಿ. ಒಂದು ಮಾತು ಪ್ರಾಮಾಣಿಕವಾಗಿ ಹೇಳಿ. ಆ ಕವಿತೆ ನೇರವಾಗಿ ನಿಮ್ಮ ಎದೆಯಿಂದಲೇ ಬಂತೇ? ಅಥವಾ ಹಿಂದಿನ ದಿನ ಓದಿದ ಯಾರದೋ ಪದ್ಯ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದು ಅದರ ಧಾಟಿಯಲ್ಲೇ ನಿಮ್ಮ ಮಾತೂ ಹರಿಯಿತೇ? ಹೆಚ್ಚಿನವರ ಉತ್ತರ ಎರಡನೆಯದೇ ಆಗಿರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮಾತನ್ನೇ ನಾವು ಇನ್ನೊಬ್ಬರಿಂದ ಕಲಿತವರು. ಕವಿತೆ ಮಾತ್ರ ಯಾರಿಂದಲೂ ಕಲಿಯದೆ ಬರುವುದಾದರೂ ಹೇಗೆ?

ತೊಂದರೆ ಶುರುವಾಗುವುದು ಆಮೇಲೆ. ಕೆಲವರು ಇದು ಕಳ್ಳತನವಾಯಿತೆಂದು ಹೆದರಿ ಹಾಳೆಯನ್ನು ಹರಿದೆಸೆಯುತ್ತಾರೆ, ಮತ್ತೆಂದೂ ಬರೆಯುವ ಗೋಜಿಗೆ ಹೋಗುವುದಿಲ್ಲ. ಇನ್ನು ಕೆಲವರು ನಾಲ್ಕು ಶಬ್ದ ಬದಲಾಯಿಸಿ, ಕೆಳಗೆ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಪತ್ರಿಕೆಗೆ ಕಳಿಸುತ್ತಾರೆ. ಮೊದಲಿನವರದ್ದು ಭಯ, ಎರಡನೆಯವರದ್ದು ಧೈರ್ಯವೆಂದು ಭಾವಿಸಬೇಡಿ. ಅದೂ ಭಯವೇ, ಸಿಕ್ಕಿಬಿದ್ದೇವೆಂಬ ಭಯ. ಈ ಎರಡೂ ಭಯವಿಲ್ಲದೆ ಇನ್ನೊಬ್ಬರಿಂದ ಪಡೆದು ಬರೆದ, ಪಡೆದದ್ದನ್ನು ಊರಿಗೆಲ್ಲ ಹೇಳಿಕೊಂಡೇ ಬರೆದ ಒಬ್ಬರ ಬದುಕನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಅವರು ಮುಸ್ಲಿಮರಲ್ಲ. ಆದರೆ ಒಳ್ಳೆಯ ನಡತೆ ಯಾರಲ್ಲಿ ಕಂಡರೂ ಅದನ್ನು ಗುರುತಿಸುವುದು ನಮ್ಮ ಧರ್ಮ ನಮಗೆ ಕಲಿಸಿದ ನ್ಯಾಯ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಗೆ ನೀವು ಹೋಗಿದ್ದರೆ ಆ ತೆಂಗಿನ ತೋಟಗಳನ್ನು ನೋಡಿಯೇ ಇರುತ್ತೀರಿ. ಬಯಲುಸೀಮೆಯಾದರೂ ಕೆರೆಯ ಹಿಂದೆ, ಹಳ್ಳದ ಬದಿಗೆ, ಊರ ಸುತ್ತ ಎಲ್ಲೆಲ್ಲೂ ತೆಂಗು. ಆ ತುರುವೇಕೆರೆ ತಾಲ್ಲೂಕಿನಲ್ಲಿ ಸಂಪಿಗೆ ಎಂಬ ಒಂದು ಹಳ್ಳಿ. ಅಲ್ಲಿ 1884ರ ಜನವರಿ 3ರಂದು ಒಂದು ಗಂಡು ಮಗು ಹುಟ್ಟಿತು. ತಂದೆ ಮೈಲಾರಯ್ಯನವರು, ತಾಯಿ ಭಾಗೀರಥಮ್ಮ. ತಂದೆಯ ಕಡೆಯ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಹೀಗಾಗಿ ಮಗುವಿನ ಪೂರ್ಣ ಹೆಸರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಮುಂದೆ ಇಡೀ ನಾಡು ಅವರನ್ನು ಬಿ.ಎಂ.ಶ್ರೀ. ಎಂದು ಕರೆಯಿತು. ಅವರು ಇಟ್ಟುಕೊಂಡ ಕಾವ್ಯನಾಮ ಒಂದೇ ಅಕ್ಷರದ್ದು, ಶ್ರೀ.

ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಟಿಪ್ಪು ಸುಲ್ತಾನರ ಕೋಟೆಯ ಊರಿನಲ್ಲಿ, ಕಾವೇರಿಯ ದಂಡೆಯಲ್ಲಿ ಶ್ರೀಯವರ ಬಾಲ್ಯದ ಓದು ನಡೆಯಿತು. ಮುಂದೆ ಮೈಸೂರು, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮದರಾಸಿನಲ್ಲಿ ಕಾನೂನನ್ನೂ ಓದಿದರು, ಎಂ.ಎ. ಪದವಿಯನ್ನೂ ಪಡೆದರು. ಕೊನೆಗೆ ಹಿಡಿದದ್ದು ತಂದೆಯ ವಕೀಲಿಯನ್ನಲ್ಲ, ಮೇಷ್ಟರ ಕೆಲಸವನ್ನು. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆ ಕಾಲದ ಪರಿಸ್ಥಿತಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಓದಿದವರಿಗೆ ಕನ್ನಡವೆಂದರೆ ಅಡುಗೆಮನೆಯ ಭಾಷೆ. ಕಾಲೇಜಿನ ಹುಡುಗರು ತಮ್ಮೊಳಗೂ ಇಂಗ್ಲಿಷಿನಲ್ಲೇ ಮಾತನಾಡಿದರೆ ಗೌರವ ಎಂದು ತಿಳಿದಿದ್ದರು. ಕನ್ನಡ ಬಲ್ಲ ಪಂಡಿತರೋ ಹಳಗನ್ನಡದ ಕೋಟೆಯೊಳಗೆ ಕುಳಿತಿದ್ದರು. ಹೊಸದಾಗಿ ಪದ್ಯ ಬರೆಯುವವರೂ ಷಟ್ಪದಿ, ಕಂದ, ವೃತ್ತಗಳಲ್ಲೇ ಬರೆಯಬೇಕು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟಳೆ ಬೇರೆ. ಆ ಅಕ್ಷರಕ್ಕಾಗಿ ಶಬ್ದ ಹುಡುಕುವುದರಲ್ಲೇ ಹೇಳಬೇಕಾದ ಭಾವ ಸೋರಿಹೋಗುತ್ತಿತ್ತು.

1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಪ್ಪತ್ತೇಳು ವರ್ಷದ ಈ ಇಂಗ್ಲಿಷ್ ಮೇಷ್ಟ್ರು ಒಂದು ಭಾಷಣ ಮಾಡಿದರು. ಕನ್ನಡ ತಲೆಯೆತ್ತುವ ಬಗೆ ಹೇಗೆಂಬುದು ಅದರ ವಿಷಯ. ಜನರಾಡುವ ಹೊಸಗನ್ನಡದಲ್ಲಿ ಬರೆಯಬೇಕು, ಸಂಸ್ಕೃತದಿಂದ ಪಡೆದಂತೆ ಇಂಗ್ಲಿಷಿನಿಂದಲೂ ಪಡೆಯಬೇಕು ಎಂಬುದು ಅವರು ಹೇಳಿದ್ದರ ಸಾರ. ಭಾಷಣ ಮಾಡಿದವರು ಬಹಳ ಮಂದಿ. ಆಡಿದ ಮಾತಿಗೆ ತಾವೇ ಕೈಹಾಕಿ ದುಡಿದವರು ವಿರಳ. ಶ್ರೀಯವರು ಆ ವಿರಳರಲ್ಲೊಬ್ಬರು.

ಅವರು ಕೈಹಾಕಿದ್ದು ಇಂಗ್ಲಿಷ್ ಕವಿತೆಗಳಿಗೆ. ಪಾಲ್‌ಗ್ರೇವ್ ಎಂಬವನು 1861ರಲ್ಲಿ ಸಂಗ್ರಹಿಸಿದ 'ಗೋಲ್ಡನ್ ಟ್ರೆಷರಿ' ಅಂದಿನ ಕಾಲೇಜುಗಳಲ್ಲಿ ಮನೆಮಾತಾಗಿದ್ದ ಪುಸ್ತಕ. ತರಗತಿಯಲ್ಲಿ ಅದನ್ನು ಪಾಠ ಮಾಡುತ್ತ, ಮನೆಗೆ ಬಂದು ಅದೇ ಪದ್ಯಗಳನ್ನು ಕನ್ನಡದಲ್ಲಿ ಹಾಡಿ ನೋಡುತ್ತ ಅವರು ವರ್ಷಗಳನ್ನೇ ಕಳೆದರು. ಹೀಗೆ ಕೂಡಿಬಂದ ಸುಮಾರು 60 ಕವಿತೆಗಳ ಸಂಗ್ರಹವೇ 1926ರಲ್ಲಿ ಹೊರಬಂದ 'ಇಂಗ್ಲಿಷ್ ಗೀತಗಳು'. ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತಂದವರಲ್ಲಿ ಅವರೇ ಮೊದಲಿಗರೇನಲ್ಲ. ಕ್ರೈಸ್ತ ಮಿಶನರಿಗಳು ತಮ್ಮ ಪ್ರಾರ್ಥನಾ ಗೀತೆಗಳನ್ನು ತಂದಿದ್ದರು, ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ತಂದಿದ್ದರು, ಹಟ್ಟಿಯಂಗಡಿ ನಾರಾಯಣರಾಯರು 'ಆಂಗ್ಲಕವಿತಾವಳಿ' ಎಂಬ ಪುಸ್ತಕವನ್ನೇ ಪ್ರಕಟಿಸಿದ್ದರು. ಆದರೆ ಕನ್ನಡದ ಕವಿತೆಯ ದಾರಿಯನ್ನೇ ಹೊರಳಿಸಿದ್ದು ಶ್ರೀಯವರ ಪುಸ್ತಕ.

ತಿಪಟೂರಿನ ಕೊಬ್ಬರಿ ತಯಾರಾಗುವ ರೀತಿ ನಿಮಗೆ ಗೊತ್ತಿದೆಯೇ? ಬಲಿತ ಕಾಯಿಯನ್ನು ಇಳಿಸಿದ ಕೂಡಲೇ ಒಡೆಯುವುದಿಲ್ಲ. ಅಟ್ಟದ ಮೇಲೆ ಹರಡಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ತಾನಾಗಿ ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದಾಗಬೇಕು. ಆಗಲೇ ಅದು ಉಂಡೆ ಕೊಬ್ಬರಿ. ಅವಸರಕ್ಕೆ ಒಡೆದರೆ ಕೊಬ್ಬರಿಯೂ ಇಲ್ಲ, ಹಸಿಕಾಯಿಯ ಬೆಲೆಯೂ ಇಲ್ಲ. ಶ್ರೀಯವರ ಗೀತೆಗಳೂ ಹೀಗೆ ಅಟ್ಟದಲ್ಲಿ ಒಣಗಿ ಬಂದವು. ನಿನ್ನೆ ರಾತ್ರಿ ಓದಿ ಇಂದು ಬೆಳಿಗ್ಗೆ ಬರೆದು ಸಂಜೆಗೆ ಪ್ರಕಟಣೆಗೆ ಕಳಿಸುವ ನಮ್ಮ ಅವಸರ ಅವರಿಗಿರಲಿಲ್ಲ.

ಅವರ ಕೈಯಲ್ಲಿ ಆ ಪದ್ಯಗಳು ಏನಾದವೆಂಬುದಕ್ಕೆ ಒಂದೆರಡು ನಿದರ್ಶನ. ಥಾಮಸ್ ಕ್ಯಾಂಬೆಲ್ ಎಂಬ ಸ್ಕಾಟ್ಲೆಂಡಿನ ಕವಿಯ ಒಂದು ಕಥನಗೀತೆಯಿದೆ. ಪಾಳೆಯಗಾರನೊಬ್ಬ ತಾನು ಪ್ರೀತಿಸಿದ ಹುಡುಗಿಯೊಂದಿಗೆ ಅವಳ ತಂದೆಗೆ ಹೆದರಿ ಓಡಿಬರುತ್ತಾನೆ, ಬಿರುಗಾಳಿಯಲ್ಲಿ ದೋಣಿ ಹತ್ತುತ್ತಾನೆ. ಬೆನ್ನಟ್ಟಿ ಬಂದ ತಂದೆಯ ಕಣ್ಣೆದುರಿಗೇ ಇಬ್ಬರೂ ಮುಳುಗುತ್ತಾರೆ. ದಡದಲ್ಲಿ ನಿಂತ ತಂದೆಯ ಸಿಟ್ಟು ಅಳುವಾಗುತ್ತದೆ, ಆದರೆ ಹೊತ್ತು ಮೀರಿದೆ. ಶ್ರೀಯವರ ಕೈಯಲ್ಲಿ ಇದು 'ಕಾರಿಹೆಗ್ಗಡೆಯ ಮಗಳು' ಆಯಿತು. ಸ್ಕಾಟ್ಲೆಂಡಿನ ಪಾಳೆಯಗಾರ ನಮ್ಮ ಗೌಡನಾದ, ತಂದೆ ನಮ್ಮ ಹೆಗ್ಗಡೆಯಾದ. ಓದಿದವರಿಗೆ ಎಲ್ಲೋ ದೂರದ ಕಥೆಯೆನಿಸದೆ ತಮ್ಮ ಪಕ್ಕದ ಊರಲ್ಲಿ ನಡೆದಂತೆ ತೋರಿತು. ಮಕ್ಕಳ ಮೇಲೆ ಕೋಪದಿಂದ ಬಾಗಿಲು ಹಾಕಿಕೊಳ್ಳುವ ತಂದೆತಾಯಂದಿರು ಒಮ್ಮೆ ಓದಬೇಕಾದ ಪದ್ಯ ಅದು. ಓಡಿಹೋಗುವ ಮಕ್ಕಳೂ ಓದಬಹುದು ಅನ್ನಿ!

ಇನ್ನೊಂದು 'ದುಃಖಸೇತು'. ಇಂಗ್ಲೆಂಡಿನ ಥಾಮಸ್ ಹುಡ್ 1844ರಲ್ಲಿ ಬರೆದ ಕವಿತೆ ಇದಕ್ಕೆ ಮೂಲ. ದಿಕ್ಕಿಲ್ಲದ ಯುವತಿಯೊಬ್ಬಳು ಸೇತುವೆಯಿಂದ ನದಿಗೆ ಹಾರಿ ಸತ್ತಿದ್ದಾಳೆ. ಶವವನ್ನು ಮೇಲೆತ್ತುವವರಿಗೆ ಕವಿ ಹೇಳುವುದು, ಅವಳನ್ನು ಮೆತ್ತಗೆ ಎತ್ತಿರೆಂದು, ಅವಳ ತಪ್ಪುಗಳನ್ನು ಈಗ ಕೆದಕಬೇಡಿರೆಂದು. ಆತ್ಮಹತ್ಯೆ ಮಹಾಪಾಪವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಸತ್ತವರ ದೋಷಗಳನ್ನು ಆಡಿಕೊಳ್ಳಬಾರದೆಂಬುದೂ ಪ್ರವಾದಿವರ್ಯರ(ಸ) ಕಲಿಕೆಯೇ. ಲೆಕ್ಕ ನೋಡುವವನು ಅಲ್ಲಾಹನು. ಅವಳನ್ನು ಆ ಸೇತುವೆಯವರೆಗೆ ಅಟ್ಟಿದ ಊರು ಆ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆಂಬ ಪ್ರಶ್ನೆ ಆ ಪದ್ಯವನ್ನು ಓದಿದವರನ್ನು ಕಾಡದೆ ಬಿಡುವುದಿಲ್ಲ.

ಛಂದಸ್ಸಿನಲ್ಲಿ ಅವರು ಮಾಡಿದ ಕೆಲಸವನ್ನು ಚುಟುಕಾಗಿ ಹೇಳುವುದಾದರೆ, ಹೊರಗಿನಿಂದ ಅವರು ತಂದದ್ದು ಪದ್ಯದ ಆಕಾರ ಮಾತ್ರ. ಅದನ್ನು ಕಟ್ಟಿದ ಇಟ್ಟಿಗೆ ಇಲ್ಲಿಯದೇ. ಮೂರು, ನಾಲ್ಕು, ಐದು ಮಾತ್ರೆಗಳ ನಮ್ಮ ಹಳೆಯ ಗಣಗಳನ್ನೇ ಬೇರೆ ಬೇರೆ ಉದ್ದದ ಸಾಲುಗಳಾಗಿ ಜೋಡಿಸಿ ಹೊಸ ಪದ್ಯಬಂಧಗಳನ್ನು ಮಾಡಿದರು. ಆ ಬಂಧಗಳಲ್ಲೇ ಮುಂದಿನ ಎರಡು ತಲೆಮಾರು ಕವಿತೆ ಬರೆಯಿತು.

ಈಗ ನಾನು ನಿಮ್ಮ ಗಮನವನ್ನು ಆ ಪುಸ್ತಕದ ಹೆಸರಿನ ಕಡೆಗೆ ಸೆಳೆಯುತ್ತೇನೆ. ಅಷ್ಟು ಕನ್ನಡವಾಗಿಬಿಟ್ಟಿದ್ದ ಆ ಗೀತೆಗಳಿಗೆ ಶ್ರೀಯವರು ಬೇರೆ ಯಾವ ಚೆಂದದ ಹೆಸರನ್ನಾದರೂ ಇಡಬಹುದಿತ್ತು. ಅಂದಿನ ಕನ್ನಡ ಓದುಗರಲ್ಲಿ ಕ್ಯಾಂಬೆಲ್ಲನನ್ನೂ ಹುಡ್ಡನನ್ನೂ ಓದಿದವರು ಎಷ್ಟು ಮಂದಿ? ಗೌಡನನ್ನೂ ಹೆಗ್ಗಡೆಯನ್ನೂ ಕಂಡ ಹಳ್ಳಿಯವನು ಇದು ಇಲ್ಲಿಯದೇ ಎಂದು ನಂಬಿಬಿಡುತ್ತಿದ್ದ. ಆದರೆ ಅವರು ಪುಸ್ತಕದ ರಟ್ಟಿನ ಮೇಲೆಯೇ ಇವು ಇಂಗ್ಲಿಷ್ ಗೀತಗಳು ಎಂದು ಬರೆದರು. ತಮ್ಮ ಹೆಸರು ಒಂದಕ್ಷರ, ಋಣದ ಹೆಸರು ದೊಡ್ಡದು! ಮೊದಲಿಗೆ ಇಟ್ಟ 'ಕಾಣಿಕೆ' ಎಂಬ ತಮ್ಮ ಸ್ವಂತ ಪದ್ಯದಲ್ಲೂ ಅವರು ಹೇಳಿಕೊಂಡದ್ದು ಇಂಗ್ಲಿಷಿನ ಚೆಲುವನ್ನು ಕನ್ನಡಕ್ಕೂ ಕನ್ನಡದ ಚೆಲುವನ್ನು ಅದಕ್ಕೂ ತೊಡಿಸಿ ನೋಡುವ ತಮ್ಮ ಆಸೆಯನ್ನೇ.

ಹದೀಸ್ ವಿದ್ವಾಂಸರ ಪರಿಭಾಷೆಯಲ್ಲಿ ತದ್ಲೀಸ್ ಎಂಬ ಒಂದು ಶಬ್ದವಿದೆ. ಮದ್ರಸಾದಲ್ಲಿ ಓದಿದವರಿಗೆ ಪರಿಚಿತವಾದದ್ದೇ. ಒಂದು ವರದಿಯನ್ನು ಯಾರಿಂದ ಕೇಳಿದೆನೋ ಅವರ ಹೆಸರನ್ನು ಮರೆಮಾಚಿ, ಮೇಲಿನವರಿಂದಲೇ ನೇರವಾಗಿ ಕೇಳಿದಂತೆ ಭಾಸವಾಗುವ ಹಾಗೆ ಹೇಳುವುದಕ್ಕೆ ತದ್ಲೀಸ್ ಎನ್ನುತ್ತಾರೆ. ಅವನು ಸುಳ್ಳು ಹೇಳಿಲ್ಲ, ವರದಿಯೂ ನಿಜವೇ ಇರಬಹುದು. ಆದರೂ ವಿದ್ವಾಂಸರು ಅಂಥವನ ಮಾತನ್ನು ತೂಗಿ ನೋಡದೆ ಸ್ವೀಕರಿಸಲಿಲ್ಲ. ನಡುವಿನ ಒಂದು ಕೊಂಡಿಯನ್ನು ಮುಚ್ಚಿಟ್ಟವನು ಇನ್ನೇನನ್ನು ಮುಚ್ಚಿಟ್ಟಿಲ್ಲವೆಂದು ಹೇಗೆ ನಂಬುವುದು? ಆದ್ದರಿಂದಲೇ ನಮ್ಮ ಹಿರಿಯರು ಒಂದು ಸಾಲಿನ ಹದೀಸಿಗೆ ಐದಾರು ಹೆಸರುಗಳ ಸನದನ್ನು ಜೋಡಿಸಿ ಹೇಳಿದರು. ಜಗತ್ತಿನಲ್ಲಿ ಮಾತಿನ ಋಣವನ್ನು ಇಷ್ಟು ಕಟ್ಟುನಿಟ್ಟಾಗಿ ಲೆಕ್ಕವಿಟ್ಟ ಸಮುದಾಯ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಇದೇ ಶಬ್ದ ವ್ಯಾಪಾರದಲ್ಲೂ ಇದೆ. ಸರಕಿನ ದೋಷವನ್ನು ಮುಚ್ಚಿ ಮಾರುವುದೂ ತದ್ಲೀಸೇ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆಯಾಗಿದ್ದ ಘಟನೆ ನಿಮಗೆ ತಿಳಿದೇ ಇದೆ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಕನು ತಮ್ಮವನಲ್ಲವೆಂದು ಅವರು ತಿಳಿಸಿಬಿಟ್ಟರು. ಕೊಬ್ಬರಿ ವ್ಯಾಪಾರದಲ್ಲಿರುವ ನಮ್ಮ ಸಹೋದರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲದ ಬಾಯಲ್ಲಿ ಒಳ್ಳೆಯ ಗುಂಡುಗಳನ್ನಿಟ್ಟು ತಳಕ್ಕೆ ಕರಿಕಲನ್ನು ತುಂಬುವವನನ್ನು ಮಂಡಿ ಒಮ್ಮೆ ಗುರುತಿಸಿದರೆ ಮತ್ತೆ ಅವನ ಚೀಲವನ್ನು ತಳದವರೆಗೆ ಸುರಿದೇ ನೋಡುತ್ತದೆ. ಕವಿತೆಯ ಕೆಳಗೆ ಹೆಸರು ಹಾಕುವವನೂ ಒಂದು ಚೀಲವನ್ನು ಮಾರುಕಟ್ಟೆಗೆ ತಂದವನೇ ಅಲ್ಲವೇ? ತಾವು ಮಾಡದ ಕೆಲಸಕ್ಕಾಗಿ ಹೊಗಳಿಕೆ ಬಯಸುವವರ ಬಗ್ಗೆ ಪವಿತ್ರ ಕುರ್‌ಆನ್ ಆಲಿ ಇಮ್ರಾನ್ ಅಧ್ಯಾಯದಲ್ಲಿ ನೀಡಿರುವ ಎಚ್ಚರಿಕೆಯನ್ನು ಓದಿದವರು ಪೆನ್ನು ಹಿಡಿಯುವಾಗ ಒಮ್ಮೆ ನೆನೆಯುವುದು ಒಳ್ಳೆಯದು.

ಹಾಗೆಂದು ಇನ್ನೊಬ್ಬರ ಕವಿತೆಯಿಂದ ಪ್ರೇರಣೆ ಪಡೆಯುವುದೇ ಬೇಡವೆನ್ನುವವರಿಗೆ ನಮ್ಮದೇ ಸಾಹಿತ್ಯ ಉತ್ತರ ಕೊಡುತ್ತದೆ. ಕಅಬ್ ಬಿನ್ ಝುಹೈರ್(ರ) ಮದೀನಕ್ಕೆ ಬಂದು ಪ್ರವಾದಿವರ್ಯರ(ಸ) ಮುಂದೆ ಹಾಡಿದ ಕವಿತೆ ಅರಬರ ಹಳೆಯ ಕಸೀದಾ ಸಂಪ್ರದಾಯದಲ್ಲೇ ಇತ್ತು. ಮೆಚ್ಚಿ ಅವರಿಗೆ ಹೊದಿಕೆಯನ್ನು ಕೊಟ್ಟರೆಂದು ಪ್ರತೀತಿಯಿದೆ. ಆರು ಶತಮಾನಗಳ ಬಳಿಕ ಈಜಿಪ್ತಿನ ಬೂಸೀರಿ ಬರೆದ ಕವಿತೆಗೆ ಆ ಹೊದಿಕೆಯ ಹೆಸರೇ, ಬುರ್ದಾ, ನಿಂತಿತು. (ಅದರ ಕೆಲವು ಸಾಲುಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದು ಬೇರೆ ಚರ್ಚೆ.) ಇಪ್ಪತ್ತನೆಯ ಶತಮಾನದಲ್ಲಿ ಅದೇ ಈಜಿಪ್ತಿನ ಅಹ್ಮದ್ ಶೌಕಿ ಬೂಸೀರಿಯ ಜಾಡಿನಲ್ಲಿ ಇನ್ನೊಂದು ಕವಿತೆ ಬರೆದು ಅದಕ್ಕೆ 'ನಹ್ಜುಲ್ ಬುರ್ದಾ' ಎಂದು ಹೆಸರಿಟ್ಟರು. ಬುರ್ದಾದ ದಾರಿ ಎಂಬುದು ಅದರರ್ಥ. ಯಾರ ಹಿಂದೆ ನಡೆದೆನೆಂಬುದನ್ನು ಹೆಸರಿನಲ್ಲೇ ಹೇಳಿಬಿಟ್ಟರು, ನಮ್ಮ ಶ್ರೀಯವರ ಹಾಗೆಯೇ.

ಇನ್ನು ಅಲ್ಲಾಮಾ ಇಕ್ಬಾಲ್. ನಿಮ್ಮ ಮಕ್ಕಳು ಉರ್ದು ಶಾಲೆಯಲ್ಲಿ ಓದಿದ್ದರೆ ಅವರ 'ಬಚ್ಚೇ ಕೀ ದುಆ' ಬಾಯಿಪಾಠವಾಗಿರುತ್ತದೆ. 1924ರಲ್ಲಿ ಬಂದ 'ಬಾಂಗೆ ದರಾ' ಸಂಗ್ರಹವನ್ನು ತೆರೆದು ನೋಡಿ. ಆ ಪ್ರಾರ್ಥನೆಯ ತಲೆಬರಹದ ಕೆಳಗೆ ಮಾಖೂಝ್, ಅಂದರೆ ಬೇರೆಡೆಯಿಂದ ಪಡೆದದ್ದು, ಎಂದು ಬರೆದಿದೆ. ಬೆಟ್ಟ ಮತ್ತು ಅಳಿಲಿನ ಪದ್ಯಕ್ಕೆ ಅಮೆರಿಕದ ಎಮರ್ಸನ್‌ನ ಹೆಸರಿದೆ, 'ಹಮ್‌ದರ್ದೀ' ಪದ್ಯಕ್ಕೆ ಇಂಗ್ಲೆಂಡಿನ ವಿಲಿಯಂ ಕೂಪರನ ಹೆಸರಿದೆ. ಪೂರ್ವದ ಮಹಾಕವಿಯೆನಿಸಿಕೊಂಡವರು ಮಕ್ಕಳ ಪುಟ್ಟ ಪದ್ಯದ ಕೆಳಗೂ ಋಣವನ್ನು ನಮೂದಿಸಿದರು. ಅದರಿಂದ ಅವರ ಎತ್ತರವೇನಾದರೂ ಕಡಿಮೆಯಾಯಿತೇ? ಲಾಹೋರಿನಲ್ಲಿ ಇಕ್ಬಾಲರೂ ಮೈಸೂರಿನಲ್ಲಿ ಶ್ರೀಯವರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಂದೇ ಬಗೆಯ ಕೆಲಸ ಮಾಡುತ್ತಿದ್ದರೆಂಬುದು ಸೋಜಿಗದ ಸಂಗತಿ. 1929ರ ಜನವರಿಯಲ್ಲಿ ಇಕ್ಬಾಲರು ಮೈಸೂರಿಗೆ ಬಂದು ಉಪನ್ಯಾಸ ಕೊಟ್ಟರು, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಯನ್ನು ಸಂದರ್ಶಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆಯಲ್ಲಿ ಆಗ ಇದ್ದವರು ಶ್ರೀಯವರೇ.

ಶ್ರೀಯವರ ಗೀತೆಗಳಲ್ಲೆಲ್ಲ ಜನರ ನಾಲಿಗೆಯ ಮೇಲೆ ಹೆಚ್ಚು ನಿಂತದ್ದು 'ಕರುಣಾಳು ಬಾ ಬೆಳಕೆ'. ಇದರ ಮೂಲ ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿಯದು. ಆತ 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ಊರಿಗೆ ಮರಳುವ ಹಡಗಿನಲ್ಲಿದ್ದ. ಗಾಳಿಯಿಲ್ಲದೆ ಹಡಗು ನಡುಗಡಲಲ್ಲಿ ನಿಂತುಬಿಟ್ಟಿತು. ಮನೆ ದೂರ, ದಾರಿ ಕತ್ತಲು. ಆ ಹೊತ್ತಿನಲ್ಲಿ ಬರೆದ ಪ್ರಾರ್ಥನೆಯದು. ಗಾಂಧೀಜಿಯವರಿಗೂ ಬಹಳ ಪ್ರಿಯವಾಗಿತ್ತು. ನಮ್ಮ ಮಕ್ಕಳು ಶಾಲೆಗಳಲ್ಲಿ ಇದನ್ನು ಹಾಡುತ್ತಾರೆ. ಹಾಡಬಹುದೇ ಎಂಬ ಪ್ರಶ್ನೆ ಕೆಲವು ತಾಯಂದಿರಲ್ಲಿರುತ್ತದೆ. ಈ ಗೀತೆಯಲ್ಲಿ ಯಾವ ದೇವತೆಯ ಹೆಸರೂ ಇಲ್ಲ, ಇರುವುದು ದಾರಿ ತೋರೆಂಬ ಮೊರೆ ಮಾತ್ರ. ದಿನಕ್ಕೆ ಎಷ್ಟೋ ಬಾರಿ ಫಾತಿಹಾದಲ್ಲಿ ನಾವು ಬೇಡುವುದೂ ನೇರ ದಾರಿಯನ್ನೇ. ಭೂಮಿ ಆಕಾಶಗಳ ಪ್ರಕಾಶವು ಅಲ್ಲಾಹನೆಂದು ಅನ್ನೂರ್ ಅಧ್ಯಾಯ ನಮಗೆ ತಿಳಿಸಿದೆ. ಕಣ್ಣಿಗೆ ಕಾಣುವ ದೀಪವಾಗಲಿ ಸೂರ್ಯನಾಗಲಿ ಆರಾಧನೆಗೆ ಅರ್ಹವಲ್ಲ, ಅವಕ್ಕೆ ಬೆಳಕು ಕೊಟ್ಟವನೊಬ್ಬನೇ ಅರ್ಹನು ಎಂಬುದನ್ನು ಮಗುವಿಗೆ ಮನೆಯಲ್ಲಿ ಬಿಡಿಸಿ ಹೇಳಿದರೆ ಸಾಕೆಂದು ನನ್ನ ಅಭಿಪ್ರಾಯ. ಇದಕ್ಕಿಂತ ಹೆಚ್ಚು ಎಚ್ಚರ ಬೇಕೆನ್ನುವವರೊಂದಿಗೆ ನನಗೆ ಜಗಳವಿಲ್ಲ.

ಪಡೆದು ಬರೆದದ್ದೆಲ್ಲ ಗೆದ್ದಿತೆಂದು ಭಾವಿಸಬೇಡಿ. ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಅಯಾಸ್' ನಾಟಕವನ್ನು ಶ್ರೀಯವರು ಮಹಾಭಾರತದ ಪಾತ್ರಕ್ಕೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಗ್ರೀಕ್ ವೀರನಂತೆ ಇಲ್ಲಿ ಅಶ್ವತ್ಥಾಮನೂ ಸಾಯುತ್ತಾನೆ. ಪುರಾಣದ ಪ್ರಕಾರ ಅವನು ಚಿರಂಜೀವಿ! ವಿಮರ್ಶಕರು ಸುಮ್ಮನಿರಲಿಲ್ಲ. ನನಗೂ ಆ ಕಸಿ ಪೂರ್ತಿ ಹತ್ತಿದಂತೆ ಕಾಣುವುದಿಲ್ಲ. ಹೊರಗಿನ ಹೊಳೆಯನ್ನು ನಮ್ಮ ಕಾಲುವೆಗೆ ಹರಿಸುವಾಗ ಕಾಲುವೆಯ ದಡವನ್ನೂ ನೋಡಿಕೊಳ್ಳಬೇಕಾಗುತ್ತದೆ. ಆದರೆ ತಪ್ಪಿದಾಗಲೂ ಅವರು ಬೆಳಕಿನಲ್ಲೇ ತಪ್ಪಿದರು. ಮೂಲ ಯಾವುದೆಂದು ಎಲ್ಲರಿಗೂ ಗೊತ್ತಿದ್ದುದರಿಂದಲೇ ಓದುಗರಿಗೆ ಎರಡನ್ನೂ ಹೋಲಿಸಿ ವಾದಿಸಲು ಸಾಧ್ಯವಾಯಿತು.

1935ರಲ್ಲಿ ಬಂದ 'ಪಾರಸಿಕರು' ಮಾತ್ರ ನನಗೆ ಬಹಳ ಮೆಚ್ಚಿಗೆಯಾದದ್ದು. ಅದರ ಮೂಲಕರ್ತೃ ಈಸ್ಕಿಲಸ್ ಸ್ವತಃ ಪರ್ಶಿಯನ್ನರ ವಿರುದ್ಧ ಹೋರಾಡಿದ ಯೋಧ. ಆದರೂ ತನ್ನ ನಾಟಕದಲ್ಲಿ ಗೆದ್ದ ಗ್ರೀಕರ ಸಂಭ್ರಮವನ್ನು ಬಿಟ್ಟು ಸೋತ ಪರ್ಶಿಯದ ಅರಮನೆಯ ಅಳುವನ್ನು ತೋರಿಸಿದ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ದೂರ ಮಾಡದಿರಲಿ ಎಂಬ ಅರ್ಥದ ಕುರ್‌ಆನಿನ ಆಜ್ಞೆಯನ್ನು ನೆನೆಯುವಾಗಲೆಲ್ಲ ನನಗೆ ಆ ನಾಟಕವೂ ನೆನಪಿಗೆ ಬರುತ್ತದೆ. ಕನ್ನಡದ ಹಳ್ಳಿಯೊಂದರಲ್ಲಿ ಹುಟ್ಟಿದವರು ಎರಡೂವರೆ ಸಾವಿರ ವರ್ಷ ಹಿಂದಿನ ಆ ಕಣ್ಣೀರನ್ನು ಇಲ್ಲಿಗೆ ಹೊತ್ತು ತಂದರು. ಮನೆಯ ಸೊತ್ತನ್ನೂ ಅವರು ಮರೆಯಲಿಲ್ಲ. 1926ರ 'ಗದಾಯುದ್ಧ ನಾಟಕಂ' ಹತ್ತನೆಯ ಶತಮಾನದ ರನ್ನನ ಕಾವ್ಯದಿಂದಲೇ ಕಟ್ಟಿದ್ದು, ಹೆಸರೂ ಅವನ ಕಾವ್ಯದ್ದೇ.

ಇಂಗ್ಲಿಷ್ ಕಲಿಸುವ ಮೇಷ್ಟ್ರು ಕನ್ನಡಕ್ಕಾಗಿ ಮಾಡಿದ ಓಡಾಟದ ಕಥೆ ದೊಡ್ಡದು. 1926ರಿಂದ 1930ರ ವರೆಗೆ ರಿಜಿಸ್ಟ್ರಾರ್ ಆಗಿದ್ದ ಅವಧಿಯಲ್ಲೇ, 1927ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಆಡಳಿತದ ಹುದ್ದೆಯಲ್ಲಿದ್ದೂ ಅವರು ಆ ಹುಡುಗರಿಗೆ ಪಾಠ ಹೇಳಿದರು. ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯವೇ ಎಂದು ಆಗ ಮೂಗು ಮುರಿಯುವವರಿದ್ದರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆಗಲೇ ಉರ್ದುವಿನಲ್ಲಿ ಎಲ್ಲ ಶಾಸ್ತ್ರಗಳನ್ನೂ ಕಲಿಸುತ್ತಿತ್ತೆಂಬುದನ್ನು ಅಂಥವರು ಮರೆತಿದ್ದರೇನೋ. ಅದೇ ನಿಜಾಮರ ಸೀಮೆಗೆ ಸೇರಿದ್ದ ಕಲಬುರ್ಗಿಯಲ್ಲಿ 1928ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಶ್ರೀಯವರು. 1938ರಲ್ಲಿ ಮೈಸೂರು ಮಹಾರಾಜರಿಂದ ರಾಜಸೇವಾಸಕ್ತ ಎಂಬ ಬಿರುದು ಬಂತು. ಅದೇ ವರ್ಷ ಕನ್ನಡ ಸಾಹಿತ್ಯ ಪರಿಷತ್ತಿನ ಹೊಣೆಯೂ ಹೆಗಲಿಗೇರಿತು.

ಅವರಿಂದ ಪಡೆದವರಾದರೂ ಸಾಮಾನ್ಯರೇ? ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಕುವೆಂಪು ಕನ್ನಡಕ್ಕೆ ಹೊರಳಿದರು. ಬ್ರೌನಿಂಗನ ಕವಿತೆಯೊಂದು ಅವರ ಕೈಯಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಯಿತು. ಜರ್ಮನಿಯ ಹ್ಯಾಮೆಲಿನ್ ಎಂಬ ಊರು ತುಂಗೆಯ ದಡಕ್ಕೆ ಬಂದು ನಿಂತಿತು. ಶ್ರೀಯವರು ಹುಟ್ಟಿದ ಸೀಮೆಯವರೇ ಆದ ಇನ್ನೊಬ್ಬ ಶ್ರೀ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ.ಶ್ರೀಕಂಠಯ್ಯನವರು, ಅದೇ ಮಹಾರಾಜಾ ಕಾಲೇಜಿನಲ್ಲಿ ಓದಿ ಮುಂದೆ 'ಭಾರತೀಯ ಕಾವ್ಯಮೀಮಾಂಸೆ' ಎಂಬ ದೊಡ್ಡ ಗ್ರಂಥ ಬರೆದರು. ಆ ಮೀಮಾಂಸೆಯ ಹಿರಿಯರಲ್ಲೊಬ್ಬನಾದ ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲೇ ನಮ್ಮ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದ. ಒಂದು ಕಾವ್ಯ ಇನ್ನೊಂದನ್ನು ಮೂರು ಬಗೆಯಲ್ಲಿ ಹೋಲಬಹುದು. ಕನ್ನಡಿಯ ಬಿಂಬದಂತೆ, ಬರೆದ ಚಿತ್ರದಂತೆ, ಇಲ್ಲವೇ ಇಬ್ಬರು ಮನುಷ್ಯರ ಮುಖ ಹೋಲುವಂತೆ. ಮೊದಲ ಎರಡನ್ನು ಕವಿ ಬಿಡಬೇಕು, ಮೂರನೆಯದಕ್ಕೆ ಹೆದರಬೇಕಾಗಿಲ್ಲವೆಂದು ಅವನ ತೀರ್ಪು. ಏಕೆಂದರೆ ಮುಖ ಹೋಲಿದರೂ ಆ ಮನುಷ್ಯನಿಗೆ ಅವನದೇ ಆದ ಜೀವವಿರುತ್ತದೆ. ನಿಮ್ಮ ಕವಿತೆಯನ್ನು ಮುಂದಿಟ್ಟುಕೊಂಡು ಈ ಮೂರರಲ್ಲಿ ಯಾವುದೆಂದು ನೀವೇ ನೋಡಿಕೊಳ್ಳಬಹುದು.

ಶ್ರೀಯವರ ಸ್ವಂತ ಕವಿತೆಗಳ ಸಂಗ್ರಹ 'ಹೊಂಗನಸುಗಳು' ಬಂದದ್ದು 1943ರಲ್ಲಿ. ಆಗ ಅವರಿಗೆ ಐವತ್ತೊಂಬತ್ತು ವರ್ಷ. ತಮ್ಮದನ್ನು ಹಿಂದಿಟ್ಟು ಇನ್ನೊಬ್ಬರದನ್ನು ಮುಂದಿಟ್ಟು ಕಳೆದ ಬದುಕು. ಅವರು ಸ್ವಂತವಾಗಿ ಬರೆದದ್ದು ಕಡಿಮೆಯೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಸುಳ್ಳಲ್ಲ. ಇನ್ನಷ್ಟು ಬರೆದಿದ್ದರೆ ಚೆನ್ನಾಗಿತ್ತೆಂದು ನನಗೂ ಅನ್ನಿಸುತ್ತದೆ.

1930ರ ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು 1942ರಲ್ಲಿ ನಿವೃತ್ತರಾದ ಶ್ರೀಯವರನ್ನು 1944ರಲ್ಲಿ ಧಾರವಾಡ ಮತ್ತೆ ಕರೆಯಿತು. ಅಲ್ಲಿನ ಕಾಲೇಜೊಂದಕ್ಕೆ ಪ್ರಾಂಶುಪಾಲರಾಗಿ ಹೋದರು. ಮೂವತ್ತಮೂರು ವರ್ಷ ಹಿಂದೆ ಕನ್ನಡ ತಲೆಯೆತ್ತುವ ಬಗೆಯನ್ನು ಹೇಳಿ ಬಂದಿದ್ದ ಊರದು. ಅರುವತ್ತೆರಡು ತುಂಬಿ ಎರಡು ದಿನವಾಗಿತ್ತು, 1946ರ ಜನವರಿ 5ರಂದು ಅಲ್ಲೇ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನವೊಂದನ್ನು 1979ರಲ್ಲಿ ಎಂ.ವಿ.ಸೀತಾರಾಮಯ್ಯನವರು ಬೆಂಗಳೂರಿನ ನರಸಿಂಹರಾಜ ಕಾಲೊನಿಯಲ್ಲಿ ಸ್ಥಾಪಿಸಿದರು. 'ಇಂಗ್ಲಿಷ್ ಗೀತಗಳು' ಮತ್ತೆ ಮತ್ತೆ ಅಚ್ಚಾಗಿದೆ. ನಿಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಕೇಳಿ ನೋಡಿ, ಸಿಕ್ಕರೆ ಮೊದಲು 'ಕಾರಿಹೆಗ್ಗಡೆಯ ಮಗಳು' ಓದಿ, ಗಟ್ಟಿಯಾಗಿ.